ಸ್ಮೋಕಿ ನದಿಯ ಚಿತ್ರದಲ್ಲಿ ಸ್ವೀಡನ್ ಏಕಿಲ್ಲ?

ನೀವು ಕೇಳಿರುವುದು ಇಷ್ಟು: ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಿಂಡ್ಸ್‌ಬೋರ್ಗ್ ತನ್ನನ್ನು ‘ಪುಟ್ಟ ಸ್ವೀಡನ್’ ಎಂದು ಕರೆದುಕೊಳ್ಳುವ ಊರು. ಅಲ್ಲಿನ ಅಂಚೆ ಕಚೇರಿಯಲ್ಲಿ ಸ್ವೀಡನ್ನಿನಿಂದ ಬಂದು ನೆಲೆಸಿದ ಬಿರ್ಗರ್ ಸ್ಯಾಂಡ್‌ಜೆನ್ ಬರೆದ ‘ಸ್ಮೋಕಿ ನದಿ’ ಎಂಬ ಭೂದೃಶ್ಯವಿದೆ. ಅದರಲ್ಲಿ ಸ್ವೀಡನ್ನಿನದು ಏನೂ ಕಾಣುವುದಿಲ್ಲ, ಏಕೆ? ಆತ ವ್ಯಾನ್ ಗೋನನ್ನು ಅನುಕರಿಸಿದವನೇ?

ನಾನು ವಿಚಿಟಾದಲ್ಲಿದ್ದೇನೆ. ಲಿಂಡ್ಸ್‌ಬೋರ್ಗ್ ಇಲ್ಲಿಂದ ಉತ್ತರಕ್ಕೆ ಒಂದೂಕಾಲು ಗಂಟೆಯ ದಾರಿ. ಹೊಟ್ಟೆಪಾಡಿಗೆ ವಿಮಾನದ ಬಿಡಿಭಾಗಗಳ ನಕ್ಷೆ ತಯಾರಿಸುತ್ತೇನೆ, ರಜೆಯಲ್ಲಿ ತೈಲವರ್ಣ ಹಿಡಿಯುತ್ತೇನೆ. ಆದ್ದರಿಂದ ನನ್ನ ಉತ್ತರ ಕಲಾ ಇತಿಹಾಸಕಾರನದಲ್ಲ, ಅದೇ ನದಿಯ ದಂಡೆಯಲ್ಲಿ ಕುಳಿತು ಬಣ್ಣ ಕಲಸಿ ಒದ್ದಾಡುವ ಹವ್ಯಾಸಿಯದು.

ಮೊದಲು ಆ ಚಿತ್ರ ಅಲ್ಲಿಗೆ ಬಂದ ಬಗೆ. 1934ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಅಮೆರಿಕದ ಖಜಾನೆ ಇಲಾಖೆ ಚಿತ್ರ ಮತ್ತು ಶಿಲ್ಪಗಳಿಗೆಂದೇ ಒಂದು ವಿಭಾಗ ತೆರೆಯಿತು. ಹೊಸ ಸರ್ಕಾರಿ ಕಟ್ಟಡ ಕಟ್ಟುವಾಗ ವೆಚ್ಚದ ಶೇಕಡಾ ಒಂದರಷ್ಟನ್ನು ಕಲೆಗೆ ತೆಗೆದಿಡುವುದು ಅದರ ಲೆಕ್ಕ. ಹೀಗೆ ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಿಗೆ ಚಿತ್ರಗಳು ಬಂದವು. ಬಹುತೇಕ ಕಡೆ ವಿಷಯ ಒಂದೇ ಬಗೆಯದು: ಗೋಧಿ ಕೊಯ್ಲು, ಟಪಾಲು ಹೊತ್ತ ಕುದುರೆಗಾಡಿ, ಊರು ಕಟ್ಟಿದ ಹಿರಿಯರು. ಸ್ಟಾಂಪು ಕೊಳ್ಳಲು ಬಂದವನು ತಲೆಯೆತ್ತಿದರೆ ತನ್ನ ಅಜ್ಜನನ್ನೇ ನೋಡಬೇಕು ಎಂಬ ಆಸೆ. ಲಿಂಡ್ಸ್‌ಬೋರ್ಗ್‌ನಲ್ಲಿ ಇಂಥ ಕಥೆಗೆ ಬರವಿರಲಿಲ್ಲ. 1869ರಲ್ಲಿ ಸ್ವೀಡನ್ನಿನ ವಾರ್ಮ್‌ಲ್ಯಾಂಡ್ ಪ್ರಾಂತ್ಯದಿಂದ ಪಾದ್ರಿ ಊಲೋಫ್ ಊಲ್ಸನ್ ಜೊತೆ ಬಂದವರು ಕಟ್ಟಿದ ಊರು ಅದು. ಆದರೆ 1938ರಲ್ಲಿ ಸ್ಯಾಂಡ್‌ಜೆನ್ ಕೊಟ್ಟದ್ದು ಊರಿನ ಪಕ್ಕದಲ್ಲೇ ಹರಿಯುವ ಸ್ಮೋಕಿ ಹಿಲ್ ನದಿಯನ್ನು. ಆಮೇಲೆ ಇದೇ ರಾಜ್ಯದ ಬೆಲೆವಿಲ್ ಊರಿನ ಅಂಚೆ ಕಚೇರಿಗೆ ಬರೆದ ಚಿತ್ರದ ಹೆಸರೂ ‘ಕ್ಯಾನ್ಸಸ್ ಹೊಳೆ’. ಆತ ಇಲ್ಲಿ ನೀರು ಕಂಡಲ್ಲೆಲ್ಲ ನಿಂತವನು.

ಸರಳ ಲೆಕ್ಕವೊಂದು ಹಾಕಿ. ಸ್ಯಾಂಡ್‌ಜೆನ್ ಹುಟ್ಟಿದ್ದು 1871ರಲ್ಲಿ, ವೆಸ್ಟರ್‌ಗಾಟ್‌ಲ್ಯಾಂಡ್‌ನ ಬ್ಲಿಡ್ಸ್‌ಬೆರಿಯಲ್ಲಿ. ಲಿಂಡ್ಸ್‌ಬೋರ್ಗ್‌ಗೆ ಬಂದದ್ದು 1894ರಲ್ಲಿ. ಅಂಚೆ ಕಚೇರಿಯ ಚಿತ್ರ ಬರೆಯುವ ಹೊತ್ತಿಗೆ ಸ್ವೀಡನ್ ಬಿಟ್ಟು ನಾಲ್ಕು ದಶಕ ದಾಟಿತ್ತು, ತವರಿನಲ್ಲಿ ಕಳೆದದ್ದರ ಸರಿಸುಮಾರು ಎರಡರಷ್ಟು ಕಾಲ ಕ್ಯಾನ್ಸಸ್‌ನಲ್ಲಿ ಕಳೆದಿತ್ತು. ಇಷ್ಟಾದ ಮೇಲೂ ಅವನನ್ನು ‘ಸ್ವೀಡನ್ನಿನ ಕಲಾವಿದ’ ಎಂದು ಕರೆದು, ಸ್ವೀಡನ್ ಎಲ್ಲಿ ಎಂದು ಕೇಳುವುದು ನಮ್ಮ ನಿರೀಕ್ಷೆಯೇ ಹೊರತು ಅವನ ಕೊರತೆಯಲ್ಲ. ಇದು ನಮಗೂ ಗೊತ್ತಿರುವ ಚಾಳಿ. ಇಲ್ಲಿನ ಕನ್ನಡಿಗರ ಮನೆಗಳಿಗೆ ಹೋದರೆ ಗೋಡೆಯ ಮೇಲೆ ಹಂಪಿಯ ಕಲ್ಲಿನ ರಥವೋ ಜೋಗವೋ ಇರುತ್ತದೆ. ಕಿಟಕಿಯಾಚೆಗಿನ ಹುಲ್ಲುಗಾವಲಿನ ಚಿತ್ರವನ್ನು ನಾನು ಒಂದು ಮನೆಯಲ್ಲೂ ಕಂಡಿಲ್ಲ.

ಆದರೆ ವಯಸ್ಸಿನ ಲೆಕ್ಕಕ್ಕಿಂತ ಕೈಯ ಲೆಕ್ಕ ಸ್ವಾರಸ್ಯಕರ. ಸ್ಟಾಕ್‌ಹೋಮ್‌ನಲ್ಲಿ ಅವನ ಗುರುಗಳಲ್ಲಿ ಒಬ್ಬ ಆಂಡರ್ಸ್ ಜೋರ್ನ್. ಮಣ್ಣಿನ ಹಳದಿ, ಕುಂಕುಮಗೆಂಪು, ಕಪ್ಪು, ಬಿಳಿ, ಈ ನಾಲ್ಕರಲ್ಲೇ ಮೈಯ ಕಾಂತಿ, ಸಂಜೆಯ ಬೆಳಕು ಎಲ್ಲವನ್ನೂ ತರಬಲ್ಲ ಎಂಬ ಖ್ಯಾತಿ ಜೋರ್ನ್‌ನದು. ನಾಲ್ಕು ಬಣ್ಣದಲ್ಲಿ ಕೆಲಸ ಮಾಡಿ ನೋಡಿದವರಿಗೆ ಗೊತ್ತು: ಕಪ್ಪಿಗೆ ಬಿಳಿ ಬೆರೆಸಿದ ಬೂದು ಬಣ್ಣವೇ ಅಲ್ಲಿ ನೀಲಿಯ ಕೆಲಸ ಮಾಡುತ್ತದೆ. ಉತ್ತರದ ಮಬ್ಬು ಬೆಳಕಿಗೆ ಅದು ಹೇಳಿ ಮಾಡಿಸಿದ್ದು. ಸ್ಯಾಂಡ್‌ಜೆನ್‌ನ ಮೊದಲ ಕಾಲದ ಚಿತ್ರಗಳೂ ಹಾಗೆಯೇ ತಗ್ಗಿದ ದನಿಯವು, ನುಣುಪಾದವು. ಕ್ಯಾನ್ಸಸ್‌ಗೆ ಬಂದು ಹಲವು ವರ್ಷ ಅದೇ ಕೈಯಲ್ಲಿ ಬರೆದ. ನನ್ನ ಅಭಿಪ್ರಾಯದಲ್ಲಿ ಆ ವರ್ಷಗಳ ಕೆಲಸ ಸಭ್ಯವಾಗಿದೆ, ಅಷ್ಟೇ.

ಜೋರ್ನ್ ನಂತರ, 1894ರ ಆರಂಭದಲ್ಲಿ, ಪ್ಯಾರಿಸ್‌ನಲ್ಲಿ ಕೆಲವು ತಿಂಗಳು ಎಡ್ಮಂಡ್ ಅಮಾನ್-ಜಾನ್ ಬಳಿ ಕಲಿತ. ಈ ಅಮಾನ್-ಜಾನ್, ಚುಕ್ಕಿಗಳಿಂದ ಚಿತ್ರ ಕಟ್ಟಿದ ಜಾರ್ಜ್ ಸೂರಾನ ಗೆಳೆಯ. ಇಬ್ಬರೂ ಒಂದೇ ಸ್ಟುಡಿಯೊ ಹಂಚಿಕೊಂಡಿದ್ದವರು. ಬಣ್ಣಗಳನ್ನು ಹಲಗೆಯ ಮೇಲೆ ಬೆರೆಸದೆ ಬಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು, ಬೆರೆಸುವ ಕೆಲಸವನ್ನು ನೋಡುವವನ ಕಣ್ಣಿಗೆ ಬಿಡುವ ವಿಚಾರ ಸ್ಯಾಂಡ್‌ಜೆನ್‌ಗೆ ತಲುಪಿದ ದಾರಿ ಇದೇ ಇರಬೇಕು ಎಂದು ನನ್ನ ಊಹೆ. ಪ್ಯಾರಿಸ್‌ನಲ್ಲಿದ್ದಾಗಲೇ ಲಿಂಡ್ಸ್‌ಬೋರ್ಗ್‌ನ ಬೆಥನಿ ಕಾಲೇಜಿನ ಅಧ್ಯಕ್ಷ ಕಾರ್ಲ್ ಸ್ವೆನ್ಸನ್ ಬರೆದ ಪುಸ್ತಕ ಓದಿ, ಕೆಲಸ ಕೊಡುತ್ತೀರಾ ಎಂದು ಪತ್ರ ಹಾಕಿದ. ಒಂದೆರಡು ವರ್ಷ ಇದ್ದು ಬರೋಣ ಎಂದು ಹೊರಟವನು ಅಲ್ಲಿ ಕಲಿಸಿದ್ದು 52 ವರ್ಷ, 1946ರವರೆಗೆ. ಶುರುವಿನಲ್ಲಿ ಚಿತ್ರಕಲೆಯ ಜೊತೆಗೆ ಭಾಷೆಗಳನ್ನೂ ಕಲಿಸಬೇಕಿತ್ತು. (‘ಒಂದೆರಡು ವರ್ಷ’ ಎಂದು ಬಂದವರ ಪಟ್ಟಿಯಲ್ಲಿ ನಾನೂ ಇದ್ದೇನೆ.)

ಬಣ್ಣಗಳನ್ನು ಬೆರೆಸದೆ ಅಕ್ಕಪಕ್ಕ ಇಡುವ ಆ ವಿಚಾರಕ್ಕೆ ತಕ್ಕ ಗಾಳಿ ಸಿಕ್ಕಿದ್ದು ಮಾತ್ರ ಇಲ್ಲಿ. ತೇವ ತುಂಬಿದ ಗಾಳಿಯಲ್ಲಿ ಬೆಳಕು ಚದುರುತ್ತದೆ, ದೂರದ ಗುಡ್ಡದ ಅಂಚು ಕರಗುತ್ತದೆ, ಬಣ್ಣಗಳು ಒಂದಕ್ಕೊಂದು ಒರಗಿ ಬೂದಾಗುತ್ತವೆ. ಪಶ್ಚಿಮ ಕ್ಯಾನ್ಸಸ್‌ನಿಂದ ಕೊಲೊರಾಡೋ ಕಡೆಗೆ ನೆಲ ಏರುತ್ತಾ ಹೋದಂತೆ ಗಾಳಿ ಒಣಗುತ್ತದೆ, ತೆಳ್ಳಗಾಗುತ್ತದೆ. ಬಹಳ ದೂರದ ಬಂಡೆಯ ಅಂಚೂ ಕತ್ತರಿಸಿ ಅಂಟಿಸಿದಂತೆ ಚೂಪಾಗಿ ನಿಲ್ಲುತ್ತದೆ. ನೆರಳು ಕಪ್ಪಾಗಿರುವುದಿಲ್ಲ, ಬಿಸಿಲು ತಾಗದ ಕಡೆಗೆ ಆಕಾಶದ ನೀಲಿ ಬೀಳುವುದರಿಂದ, ಹಳದಿ ಬಂಡೆಯ ಪಕ್ಕದಲ್ಲಿ ಅದು ನೇರಳೆಯಾಗಿಯೇ ಕಣ್ಣಿಗೆ ಬೀಳುತ್ತದೆ. ಸ್ಯಾಂಡ್‌ಜೆನ್ 1915ರಲ್ಲಿ ನೈಋತ್ಯ ಅಮೆರಿಕದಲ್ಲಿ ಚಿತ್ರ ಬರೆಯುವುದರ ಬಗ್ಗೆ ಒಂದು ಲೇಖನ ಬರೆದ. ಅದರ ಒಟ್ಟು ತಾತ್ಪರ್ಯ ಹೀಗೆ: ತಂತ್ರವನ್ನು ಪ್ರಕೃತಿಯಿಂದ ಕಲಿಯಬೇಕು, ಗಾಳಿಯೇ ಬಣ್ಣದಿಂದ ಕಂಪಿಸುವಲ್ಲಿ, ಅತಿ ಹೆಚ್ಚು ಕಂಪನ ಕೊಡುವ ತಂತ್ರವನ್ನೇ ಆರಿಸಬೇಕು. ಜೋರ್ನ್‌ನ ಶಿಷ್ಯ ಜೋರ್ನ್‌ನ ನಾಲ್ಕು ಬಣ್ಣದ ಹಲಗೆಯನ್ನು ಪಕ್ಕಕ್ಕಿಟ್ಟದ್ದು ಗುರುವಿನ ಮೇಲಿನ ಮುನಿಸಿನಿಂದಲ್ಲ, ಆ ಹಲಗೆ ಇಲ್ಲಿನ ಬೆಳಕಿಗೆ ಸಾಲಲಿಲ್ಲ.

ಹಾಗಾಗಿ ಸ್ವೀಡನ್ ಏಕಿಲ್ಲ ಎಂಬುದಕ್ಕೆ ನನ್ನ ಉತ್ತರ: ಆತ ಅದನ್ನು ಮರೆತದ್ದರಿಂದಲ್ಲ. ಮನೆಯಲ್ಲಿ, ಬೀದಿಯಲ್ಲಿ, ಚರ್ಚಿನಲ್ಲಿ ಸ್ವೀಡನ್ ಸಾಕಷ್ಟಿತ್ತು. 1905ರಲ್ಲಿ ಸ್ವೀಡಿಷ್ ಭಾಷೆಯಲ್ಲೇ ಪುಸ್ತಕವೊಂದನ್ನು ಹೊರತಂದ. ಊರಿನಲ್ಲಿ 1882ರಿಂದ ಹ್ಯಾಂಡೆಲ್‌ನ ‘ಮೆಸ್ಸಾಯ’ ಎಂಬ ಕ್ರೈಸ್ತ ಗಾಯನಕೃತಿಯನ್ನು ಈಸ್ಟರ್ ಸಮಯಕ್ಕೆ ಹಾಡುತ್ತಾ ಬಂದಿದ್ದಾರೆ, ಅದರ ಜೊತೆಗೆ ಚಿತ್ರ ಪ್ರದರ್ಶನ ನಡೆಸುವ ಪರಿಪಾಠವನ್ನು 1899ರಲ್ಲಿ ಇವನೂ ಇನ್ನಿಬ್ಬರು ಸ್ವೀಡಿಷ್ ಗೆಳೆಯರೂ ಸೇರಿ ಆರಂಭಿಸಿದರು. ನೆನಪನ್ನು ಕಾಪಾಡುವ ಕೆಲಸಕ್ಕೆ ಇಷ್ಟೆಲ್ಲ ಇರುವಾಗ ಕುಂಚಕ್ಕೆ ಬೇರೆ ಕೆಲಸ ಸಿಕ್ಕಿತು, ಕಣ್ಣೆದುರು ಇರುವುದನ್ನು ನೋಡುವ ಕೆಲಸ. ಕ್ಯಾನ್ಸಸ್ ಎಂದರೆ ಚಪ್ಪಟೆ ನೆಲ, ಅಲ್ಲೇನಿದೆ ಬರೆಯಲು ಎಂದು ಇಲ್ಲಿ ಹುಟ್ಟಿದವರೇ ಇಂದಿಗೂ ಹೇಳುತ್ತಾರೆ. ಸ್ಮೋಕಿ ಹಿಲ್ ನದಿ ನೋಡಲು ಭವ್ಯವೇನಲ್ಲ. ಕೆಸರು ಬಣ್ಣದ ನೀರು, ದಡದಲ್ಲಿ ಕಾಟನ್‌ವುಡ್ ಮರಗಳು. ಅದನ್ನು ಜೀವನಪೂರ್ತಿ ಬರೆಯಬಹುದು ಎಂದು ಕಂಡುಕೊಳ್ಳಲು ಬಹುಶಃ ಹೊರಗಿನವನೇ ಬೇಕಿತ್ತು.

ಇನ್ನು ವ್ಯಾನ್ ಗೋ. ಅಮೆರಿಕದ ವಿಮರ್ಶಕರೂ ಆಗಲೇ ಈ ಹೋಲಿಕೆ ಮಾಡಿದ್ದರು, ನಿಮ್ಮದು ಹೊಸ ಅನುಮಾನವಲ್ಲ. ದಪ್ಪ ಬಣ್ಣ, ಎದ್ದು ಕಾಣುವ ಕುಂಚದ ಗೆರೆ ಇಬ್ಬರಲ್ಲೂ ಇವೆ. ವ್ಯತ್ಯಾಸ ತಿಳಿಯಲು ಚಿತ್ರದ ಹತ್ತಿರ ಹೋಗಬೇಕು. ವ್ಯಾನ್ ಗೋನ ಗೆರೆ ಓಡುತ್ತದೆ, ಸುತ್ತುತ್ತದೆ, ಸೈಪ್ರೆಸ್ ಮರವೂ ಆಕಾಶವೂ ಒಂದೇ ಉದ್ವೇಗದಲ್ಲಿರುತ್ತವೆ. ಸ್ಯಾಂಡ್‌ಜೆನ್‌ನ 1915ರ ಈಚಿನ ಚಿತ್ರಗಳಲ್ಲಿ ಬಣ್ಣದ ತುಂಡುಗಳು ಗಾರೆಯವನು ಕಲ್ಲು ಕೂರಿಸಿದಂತೆ ಕೂತಿರುತ್ತವೆ: ಬಂಡೆಯ ಪ್ರತಿ ಮುಖಕ್ಕೂ ಒಂದು ದಿಕ್ಕು, ಒಂದು ತೂಕ. ಆಕಾಶ ಸಾಮಾನ್ಯವಾಗಿ ಶಾಂತ. ಬಣ್ಣ ಕೂಗಿದರೂ ಕಟ್ಟಡ ಅಲುಗುವುದಿಲ್ಲ. ಹೋಲಿಸಲೇಬೇಕೆಂದರೆ ನಾನು ಫ್ರೆಂಚ್ ಚಿತ್ರಕಾರ ಸೆಝಾನ್ ಹೆಸರು ಹೇಳುತ್ತೇನೆ. ಎಲ್ಲ ಚಿತ್ರಗಳೂ ಚೆನ್ನಾಗಿವೆ ಎಂದು ವಾದಿಸುವುದಿಲ್ಲ. ಬಹಳ ಬರೆದವನು, ಕೆಲವು ಸೂರ್ಯಾಸ್ತಗಳು ನನಗೆ ಅತಿ ಸಿಹಿ.

ನಿಮ್ಮ ಅನುಮಾನವನ್ನು ಪರೀಕ್ಷಿಸಲು ಒಂದು ದಾರಿಯಿದೆ: ಅವನ ಕಲ್ಲಚ್ಚು ಚಿತ್ರಗಳನ್ನು (ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತುವ ಲಿಥೊಗ್ರಾಫ್‌ಗಳು) ಹುಡುಕಿ ನೋಡಿ. ಲಿಂಡ್ಸ್‌ಬೋರ್ಗ್‌ನ ದಕ್ಷಿಣಕ್ಕಿರುವ ಮೆಕ್‌ಫರ್ಸನ್ ಊರಿನಲ್ಲಿ ಕಾರ್ಲ್ ಸ್ಮಾಲಿ ಎಂಬವನಿದ್ದ. ಅಪ್ಪನದು ಬಿತ್ತನೆ ಬೀಜದ ಅಂಗಡಿ, ಮಗ ಅಲ್ಲೇ ಚಿತ್ರ ಮಾರಲು ಕುಳಿತ. 1916ರಲ್ಲಿ ಸ್ಯಾಂಡ್‌ಜೆನ್‌ನನ್ನು ಕಲ್ಲಚ್ಚಿಗೆ ಹಚ್ಚಿದವನು ಅವನೇ. ತೈಲವರ್ಣ ಕೊಳ್ಳಲಾಗದ ರೈತನಿಗೂ ಶಾಲೆಗೂ ಅಚ್ಚಿನ ಪ್ರತಿ ಎಟುಕುತ್ತಿತ್ತು, ಹಾಗಾಗಿ ಅವು ಕ್ಯಾನ್ಸಸ್‌ನ ಶಾಲೆಗಳ ಗೋಡೆಗಳನ್ನೂ ಸೇರಿದವು. ಅಲ್ಲಿ ಬಣ್ಣವೇ ಇಲ್ಲ, ಕಪ್ಪು ಗೆರೆ ಮತ್ತು ಕಾಗದದ ಬಿಳಿ ಅಷ್ಟೇ. ಆದರೂ ಬಂಡೆ, ಮರ, ನೀರು ಒಂದೂ ಜಾಗ ಬಿಟ್ಟು ಕದಲುವುದಿಲ್ಲ. ಬರಿಯ ಬಣ್ಣದ ಅಬ್ಬರವನ್ನು ಎರವಲು ತಂದವನಾಗಿದ್ದರೆ ಬಣ್ಣ ತೆಗೆದ ಕೂಡಲೇ ಚಿತ್ರ ಬಿದ್ದುಹೋಗಬೇಕಿತ್ತು. ಈ ಕಡೆ ಬಂದರೆ ಬೆಥನಿ ಕಾಲೇಜಿನ ಆವರಣದಲ್ಲಿ, ಆತ ತೀರಿಕೊಂಡ ಮೂರು ವರ್ಷಕ್ಕೆ, 1957ರಲ್ಲಿ ತೆರೆದ ಅವನ ಹೆಸರಿನ ಗ್ಯಾಲರಿ ಇದೆ. ಮೊದಲು ಅಚ್ಚುಚಿತ್ರಗಳನ್ನು ನೋಡಿ, ಆಮೇಲೆ ತೈಲವರ್ಣದ ಕಡೆಗೆ ಹೋಗಿ. ಅಂಚೆ ಕಚೇರಿಗೆ ಮಾತ್ರ ಕೆಲಸದ ದಿನವೇ ಬನ್ನಿ.