ಕರ್ಜತ್‌ನಲ್ಲಿ ರೈಲಿನ ಹಿಂದೆ ಎಂಜಿನ್ ಜೋಡಿಸುವುದೇಕೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಊರಿಗೆಂದು ಕಲಬುರಗಿಗೆ ಹೋಗುವಾಗ ಕರ್ಜತ್‌ನಲ್ಲಿ ರೈಲಿನ ಹಿಂದೆ ಬೇರೆ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಏರಿನಲ್ಲಿ ಹಳಿಯ ಮೇಲಿನ ಭಾರ ತಗ್ಗಿ, ಘರ್ಷಣೆಯೂ ತಗ್ಗಿ ಗಾಲಿ ಜಾರುವುದೇ ಇದಕ್ಕೆ ಕಾರಣವೆಂದು ಹನ್ನೊಂದನೇ ತರಗತಿಯ ಮಗಳು ಹೇಳುತ್ತಾಳೆ. ಘರ್ಷಣೆ ಚಲನೆಗೆ ಅಡ್ಡಿಯಲ್ಲವೇ, ತಗ್ಗಿದರೆ ಒಳ್ಳೆಯದೇ ಅಲ್ಲವೇ? ಲಿಫ್ಟ್ ಮೇಲಕ್ಕೆ ಹೊರಟಾಗ ಮೈ ಭಾರವಾಗಿ, ಮರುಕ್ಷಣ ಸರಿಹೋಗುವುದೇಕೆ?

ಉತ್ತರ: ಮೊದಲು ನಿಮ್ಮ ಅನುಮಾನವನ್ನು ತೆಗೆದುಕೊಳ್ಳೋಣ. ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ ಎಂಬ ಅರ್ಧ ಮಾತು ಎಷ್ಟೋ ಮಕ್ಕಳನ್ನು ದಾರಿ ತಪ್ಪಿಸಿದೆ. ಘರ್ಷಣೆ ವಿರೋಧಿಸುವುದು ಎರಡು ಮೈಗಳ ನಡುವಿನ ಜಾರುವಿಕೆಯನ್ನು. ಎಂಜಿನ್ನಿನ ಗಾಲಿ ತಿರುಗುವಾಗ ಹಳಿಯನ್ನು ಮುಟ್ಟಿರುವ ಅದರ ಅಂಚು ಹಿಂದಕ್ಕೆ ಜಾರಲು ನೋಡುತ್ತದೆ. ಅದನ್ನು ತಡೆಯುವ ಘರ್ಷಣೆ ಎಂಜಿನ್ನನ್ನು ಮುಂದಕ್ಕೆ ತಳ್ಳುತ್ತದೆ. ಇಡೀ ರೈಲನ್ನು ಘಾಟಿ ಹತ್ತಿಸುವ ಬಲ ಅದೇ.

ಮಗಳ ಮಾತಿನಲ್ಲಿ ತತ್ತ್ವ ಸರಿಯಾಗಿದೆ, ಪ್ರಮಾಣ ತಪ್ಪಿದೆ. ಇಳಿಜಾರಿನಲ್ಲಿ ಅಭಿಲಂಬ ಬಲ, ಅಂದರೆ ಹಳಿ ತನಗೆ ಲಂಬವಾಗಿ ಗಾಲಿಯನ್ನು ಒತ್ತುವ ಬಲ, ತಗ್ಗುವುದು ನಿಜ. ಆದರೆ ಕರ್ಜತ್‌ನಿಂದ ಮೇಲೇರುವ, 1863ರಲ್ಲಿ ತೆರೆದ ಭೋರ್ ಘಾಟ್ ಮಾರ್ಗದ ಕಡಿದಾದ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ 1 ಮೀಟರ್ ಎತ್ತರ. ಕೋನ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು ಅಷ್ಟೆ. ಇಷ್ಟು ಓರೆಯಲ್ಲಿ 123 ಟನ್ನಿನ ಎಂಜಿನ್ ಹಳಿಯ ಮೇಲೆ ಹೇರುವ ಭಾರ ತಗ್ಗುವುದು ಸುಮಾರು 45 ಕಿಲೋ ಮಾತ್ರ, ಬಹುಶಃ ನಿಮ್ಮ ಮಗಳ ತೂಕದಷ್ಟು.

ಬದಲಾಗುವುದು ಕೆಳಗೆಳೆಯುವ ಬಲ. ಸಾವಿರ ಟನ್ನಿನ ರೈಲಿಗೆ ಅಂಥ ಒಂದು ಎಂಜಿನ್ ಹೂಡಿದರೆ ಒಟ್ಟು 1,123 ಟನ್. ಅದರ 37ನೇ ಒಂದು ಭಾಗ, ಅಂದರೆ 30 ಟನ್ನಿನ ತೂಕಕ್ಕೆ ಸಮನಾದ ಬಲ, ರೈಲನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ಸಮತಟ್ಟಾದ ಹಳಿಯಲ್ಲಿ ಇದೇ ರೈಲನ್ನು ಸಾಗಿಸಲು ಕೆಲವೇ ಟನ್ ಸಾಕು. ಒಣ ಹಳಿಯಲ್ಲಿ ಘರ್ಷಣಾ ಗುಣಾಂಕ, ಅಂದರೆ ಹಳಿಯ ಮೇಲಿನ ಭಾರದ ಎಷ್ಟು ಪಾಲು ಹಿಡಿತವಾಗಿ ಸಿಗುತ್ತದೆಂಬ ಸಂಖ್ಯೆ, 0.3 ಎಂದುಕೊಂಡರೆ ಎಂಜಿನ್ನಿಗೆ ಸಿಗುವ ಹಿಡಿತ 37 ಟನ್, ಹೇಗೋ ನಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಅದು 0.15ಕ್ಕೆ ಇಳಿಯಿತೆನ್ನಿ, ಹಿಡಿತ 18 ಟನ್ನಿಗೆ ಬಂತು. ಮೋಟಾರಿಗೆ ಎಷ್ಟೇ ಶಕ್ತಿಯಿದ್ದರೂ ಗಾಲಿ ನಿಂತಲ್ಲೇ ಗಿರಗಿರನೆ ತಿರುಗೀತು. ಅಷ್ಟೇ ತೂಕದ ಇನ್ನೆರಡು ಎಂಜಿನ್‌ಗಳು ಹಿಂದೆ ಬಂದರೆ ಅವೂ ಭಾರವೇ, ಆದ್ದರಿಂದ ಜಗ್ಗುವ ಬಲ 37 ಟನ್ನಿಗೆ ಏರುತ್ತದೆ. ಆದರೆ ಮಳೆಯಲ್ಲೂ ಹಿಡಿತ 55 ಟನ್ ಆಗುತ್ತದೆ. ಬ್ಯಾಂಕರ್ ಎಂದು ಕರೆಯುವ ಈ ಎಂಜಿನ್‌ಗಳನ್ನು ಹಿಂದೆಯೇ ಹಚ್ಚುವುದರಿಂದ ಬೋಗಿಗಳ ಕೊಂಡಿಯ ಮೇಲಿನ ಎಳೆತ ತಗ್ಗುತ್ತದೆ, ಕೊಂಡಿ ಕಳಚಿದರೂ ಬೋಗಿಗಳು ಹಿಂದಕ್ಕೆ ಉರುಳದಂತೆ ತಡೆ ಇರುತ್ತದೆ.

ಮುಂದಿನ ಸಲ ಕರ್ಜತ್‌ನಲ್ಲಿ ವಡೆ ತಿನ್ನುತ್ತಾ ನಿಂತಾಗ ಎಂಜಿನ್ನಿನ ಗಾಲಿಯ ಬುಡವನ್ನು ಮಗಳಿಗೆ ತೋರಿಸಿ. ಹಳಿಯತ್ತ ಬಾಗಿದ ಸಣ್ಣ ಕೊಳವೆಯೊಂದು ಕಾಣುತ್ತದೆ. ಗಾಲಿ ಜಾರತೊಡಗಿದರೆ ಅದರಿಂದ ಒಣ ಮರಳು ಹಳಿಯ ಮೇಲೆ ಬಿದ್ದು, ಗಾಲಿಯ ಕೆಳಗೆ ಪುಡಿಯಾಗಿ ಹಿಡಿತವನ್ನು ಹೆಚ್ಚಿಸುತ್ತದೆ. ಇಷ್ಟು ಸರಳ ಉಪಾಯ ಇಂದಿಗೂ ಬಳಕೆಯಲ್ಲಿರುವುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಲಿಫ್ಟಿನಲ್ಲಿಯೂ ನೋಡಬೇಕಾದದ್ದು ಅಭಿಲಂಬ ಬಲವನ್ನೇ. ನಮ್ಮ ಮೈಗೆ ಭಾರವೆಂದು ತೋರುವುದು ನೆಲವು ಕಾಲನ್ನು ಒತ್ತುವ ಬಲ. 50 ಕಿಲೋ ತೂಕದವರು ತೂಕದ ಯಂತ್ರದ ಮೇಲೆ ನಿಂತಿರುವಾಗ ಲಿಫ್ಟ್ ಪ್ರತಿ ಸೆಕೆಂಡಿನಲ್ಲೂ ತನ್ನ ವೇಗವನ್ನು ಸೆಕೆಂಡಿಗೆ 1 ಮೀಟರ್‌ನಷ್ಟು ಹೆಚ್ಚಿಸಿಕೊಳ್ಳುತ್ತಾ ಮೇಲೇರಿದರೆ, ನೆಲವು ಅವರ ತೂಕವನ್ನು ಹೊರುವುದಲ್ಲದೆ ವೇಗವನ್ನೂ ಹೆಚ್ಚಿಸಬೇಕಾದ್ದರಿಂದ, ಯಂತ್ರ ಸುಮಾರು 55 ಕಿಲೋ ತೋರಿಸುತ್ತದೆ. ವೇಗ ಒಂದೇ ಸಮನಾದ ಮೇಲೆ, ಹತ್ತುತ್ತಿರಲಿ ಇಳಿಯುತ್ತಿರಲಿ, ಮತ್ತೆ 50. ಮೇಲಿನ ಮಹಡಿಯಲ್ಲಿ ನಿಲ್ಲಲು ಅದೇ ಪ್ರಮಾಣದಲ್ಲಿ ವೇಗ ತಗ್ಗಿಸುವಾಗ ಸುಮಾರು 45. ಮನೆಯ ಯಂತ್ರವನ್ನೇ ಒಯ್ದು ನೋಡಿ. ಮುಳ್ಳು ಇರುವಂಥದ್ದಾದರೆ ಒಳ್ಳೆಯದು, ಅಂಕಿ ತೋರಿಸುವ ಯಂತ್ರಗಳು ಒಮ್ಮೆ ತೂಕ ಹಿಡಿದು ಅಲ್ಲಿಯೇ ನಿಂತುಬಿಡುವುದುಂಟು. ಕೆಳಗಿಳಿದ ಲಿಫ್ಟ್ ನೆಲಮಹಡಿಯಲ್ಲಿ ನಿಲ್ಲುವ ಹೊತ್ತಿಗೂ ಮುಳ್ಳು 50ನ್ನು ದಾಟುತ್ತದೆ. ಆಗ ಚಲನೆ ಕೆಳಮುಖವಾಗಿದ್ದರೂ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಮೇಲ್ಮುಖವಾಗಿರುತ್ತದೆ.