ಪಿಆರ್‌ಕೆ ಆಗಿ ಮೂರು ವಾರ ಆದ್ರೂ ಮಸುಕು, ಕಾರ್ನಿಯಾ ಪೂರ್ತಿ ವಾಸಿಯಾಗೋಕೆ ಎಷ್ಟು ದಿನ ಬೇಕು?

ನಿಮ್ಮ ರೂಮ್‌ಮೇಟ್ ಲೇಸಿಕ್ ಮಾಡಿಸ್ಕೊಂಡು ಮಾರನೇ ದಿನಾನೇ ಗಾಡಿ ನಂಬರ್ ಎಲ್ಲ ಓದ್ತಿದ್ರು, ನಿಮಗೆ ಪಿಆರ್‌ಕೆ ಆಗಿ ಮೂರು ವಾರ ಆದ್ರೂ ಬೆಳಿಗ್ಗೆ ಒಂಥರ ಸಂಜೆ ಒಂಥರ ಕಾಣ್ತಿದೆ, ಏನಾದ್ರೂ ಎಡವಟ್ಟಾಗಿದೆಯಾ ಅಂತ ಕೇಳಿದೀರಿ. (ಲೇಸಿಕ್, ಪಿಆರ್‌ಕೆ ಎರಡೂ ಕನ್ನಡಕದ ನಂಬರ್ ತೆಗೆಯೋ ಲೇಸರ್ ಆಪರೇಷನ್‌ಗಳೇ.) ನಾನು ಡಾಕ್ಟರಲ್ಲ, ಆದ್ರೆ ಎರಡೂ ಕಣ್ಣಿಗೆ ಮೈನಸ್ ಐದೂವರೆ ಇಟ್ಕೊಂಡು ಇದೇ ಪಿಆರ್‌ಕೆ ಮಾಡಿಸ್ಕೊಂಡವಳು, ನನ್ನ ತಂಗಿ ಲೇಸಿಕ್ ಮಾಡಿಸ್ಕೊಂಡವಳು, ಎರಡನ್ನೂ ಒಂದೇ ಮನೇಲಿ ನೋಡಿದೀನಿ. ಮೂರು ವಾರಕ್ಕೆ ಹೀಗಿರೋದು ಪಿಆರ್‌ಕೆಯಲ್ಲಿ ಸಾಮಾನ್ಯ, ಮೊದಲು ಆ ಭಯ ಬಿಡಿ.

ಲೇಸರ್ ಎರಡರಲ್ಲೂ ಒಂದೇ, ಎಕ್ಸೈಮರ್ ಅಂತಾರೆ, ಬಿಸಿಯಿಂದ ಸುಡೋದಿಲ್ಲ, ಪದರ ಪದರವಾಗಿ ಆವಿ ಮಾಡಿಬಿಡತ್ತೆ. (1981ರಲ್ಲಿ ಐಬಿಎಂನಲ್ಲಿ ನಮ್ಮ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಅವರು ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿ ಮೇಲೆ ಈ ಲೇಸರ್ ಬಿಟ್ಟು ನೋಡಿದಾಗ, ಸುತ್ತಲಿನ ಮಾಂಸ ಸುಡದೆ ನೀಟಾಗಿ ಕೊಯ್ದಿತ್ತಂತೆ, ಅಲ್ಲಿಂದ ಶುರುವಾಗಿದ್ದು ಇದು.) ವ್ಯತ್ಯಾಸ ಇರೋದು ಲೇಸರ್ ಒಳಗೆ ಹೋಗೋಕೆ ದಾರಿ ಮಾಡೋದ್ರಲ್ಲಿ. ಲೇಸಿಕ್‌ನಲ್ಲಿ ಕಾರ್ನಿಯಾದ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪರದೆಯ, ಮೇಲ್ಭಾಗದಲ್ಲಿ ಸುಮಾರು 100ರಿಂದ 120 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಒಂದು ಮುಚ್ಚಳ ಕೊಯ್ದು, ಎತ್ತಿ, ಕೆಳಗೆ ಲೇಸರ್ ಬಿಟ್ಟು, ವಾಪಸ್ ಮುಚ್ಚಿಬಿಡ್ತಾರೆ. ಮೇಲಿನ ಚರ್ಮ ಹೆಚ್ಚುಕಮ್ಮಿ ಹಾಗೇ ಇರತ್ತೆ, ಅದಕ್ಕೇ ಮಾರನೇ ದಿನ ಕಾಣತ್ತೆ. ಪಿಆರ್‌ಕೆಯಲ್ಲಿ ನಮಗೆ ಆ ಚರ್ಮಾನೇ, ಅಂದ್ರೆ ಎಪಿಥೀಲಿಯಂ, ಸುಮಾರು 50 ಮೈಕ್ರಾನ್, ನಡುವಿನ ಭಾಗದಲ್ಲಿ ಪೂರ್ತಿ ತೆಗೆದುಬಿಡ್ತಾರೆ. ಅದು ಹೊಸದಾಗಿ ಬೆಳೀಬೇಕು. ಕೆರೇಲಿ ಪಾಚಿ ದಡದಿಂದ ಒಳಗೆ ಹಬ್ಬುತ್ತಲ್ಲ, ಹಾಗೆ ಸುತ್ತಲಿನ ಜೀವಕೋಶಗಳು ನಡುವಿಗೆ ಸರ್ಕೊಂಡು ಬಂದು ಮೂರರಿಂದ ಐದು ದಿನದಲ್ಲಿ ಮುಚ್ಕೋತವೆ, ಅಲ್ಲೀವರೆಗೂ ಬ್ಯಾಂಡೇಜ್ ಲೆನ್ಸ್, ಅಂದ್ರೆ ಗಾಯ ಕಾಯೋ ಮೆತ್ತಗಿನ ಕಾಂಟ್ಯಾಕ್ಟ್ ಲೆನ್ಸ್, ಹಾಕಿರ್ತಾರೆ.

ನನಗೆ ನೆನಪಿದೆ, ಎರಡನೇ ದಿನ ಉರಿ ತಡೀಲಾರದೆ ಕಣ್ಣು ಮುಚ್ಕೊಂಡೇ ಇದ್ರೂ ತೆಗೆದಾಗ ಗೋಡೆ ಕ್ಯಾಲೆಂಡರಿನ ದೊಡ್ಡ ತಾರೀಖು ಚೆನ್ನಾಗೇ ಕಂಡಿತ್ತು. ನಾಲ್ಕನೇ ದಿನ ಉರಿ ಪೂರ್ತಿ ಹೋಯ್ತು, ಆದ್ರೆ ಅದೇ ತಾರೀಖು ಎರಡೆರಡಾಗಿ, ಎಣ್ಣೆ ಕಾಗದದ ಹಿಂದೆ ಇಟ್ಟಹಾಗೆ ಕಾಣ್ತು, ಅಮ್ಮನ ಮುಂದೆ ಕೂತು ಅತ್ತುಬಿಟ್ಟೆ. ಆಮೇಲೆ ಡಾಕ್ಟ್ರು ಹೇಳಿದ್ದು, ನಾಲ್ಕೂ ಕಡೆಯಿಂದ ಬಂದ ಚರ್ಮ ಸರಿಯಾಗಿ ನಡುವಲ್ಲೇ ಕೂಡೋದು, ಕೂಡಿದ ಜಾಗದಲ್ಲಿ ಸಣ್ಣ ಏರು ಉಳಿಯತ್ತೆ, ನಾವು ನೋಡೋದೂ ಆ ಜಾಗದ ಮೂಲಕಾನೇ ಅಂತ. ಆ ಏರುತಗ್ಗು ಸಮ ಆಗೋಕೆ ವಾರಗಳು, ಕೆಲವರಿಗೆ ಎರಡು ಮೂರು ತಿಂಗಳು ಬೇಕು. ನೀವೀಗ ಅದರ ಮಧ್ಯದಲ್ಲಿದೀರಿ, ಒಂದು ಕಣ್ಣು ಮುಂದೆ ಒಂದು ಹಿಂದೆ ಆಗೋದೂ ಇರತ್ತೆ.

ಸಂಜೆ ಮಸುಕಾಗೋದಕ್ಕೆ ಇನ್ನೊಂದು ಕಾರಣ ಕಣ್ಣೀರು ಆರೋದು. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ, ಆದ್ರೆ ನರಗಳು ವಿಪರೀತ, ಅವು ಆಪರೇಷನ್‌ನಲ್ಲಿ ತುಂಡಾಗಿರ್ತವೆ. ಕಣ್ಣು ಒಣಗಿದೆ ಅಂತ ಸುದ್ದಿ ಕೊಡೋದೇ ಆ ನರಗಳು, ಸುದ್ದಿ ಹೋಗದಿದ್ರೆ ಕಣ್ಣೀರೂ ಕಮ್ಮಿ, ರೆಪ್ಪೆ ಬಡಿಯೋದೂ ಕಮ್ಮಿ, ಅದರ ಮೇಲೆ ಏಸಿ, ಲ್ಯಾಪ್‌ಟಾಪ್. ನಾಲ್ಕೈದು ಸಲ ರೆಪ್ಪೆ ಬಡಿದ ತಕ್ಷಣ ಒಂದು ಗಳಿಗೆ ಸ್ಪಷ್ಟ ಆಗಿ ಮತ್ತೆ ಮಸುಕಾದ್ರೆ ಅದು ಹೆಚ್ಚಾಗಿ ಈ ಒಣಗೋ ತೊಂದರೇನೇ, ಪ್ರಿಸರ್ವೇಟಿವ್ ಇಲ್ಲದ ಟಿಯರ್ ಡ್ರಾಪ್ಸ್ ಕೇಳಿ ಹಾಕ್ಕೊಳ್ಳಿ. ನರಗಳು ವಾಪಸ್ ಬೆಳೆಯೋಕೆ ಆರು ತಿಂಗಳಿಂದ ಒಂದು ವರ್ಷ ಹಿಡಿಯತ್ತೆ, ಲೇಸಿಕ್‌ನವರಿಗೂ ಇದು ತಪ್ಪಿದ್ದಲ್ಲ. ಇನ್ನೊಂದು ಮಾತು, ಬೇಗ ಕಂಡಿತು ಅಂದ್ರೆ ಬೇಗ ವಾಸಿಯಾಯ್ತು ಅಂತಲ್ಲ. ಲೇಸಿಕ್‌ನ ಆ ಮುಚ್ಚಳ ಅಂಚಲ್ಲಿ ಮಾತ್ರ ಗಟ್ಟಿಯಾಗಿ ಕೂಡತ್ತೆ, ಒಳಗೆ ಮೊದಲಿನ ಬಲ ಬರೋದೇ ಇಲ್ಲ, ವರ್ಷಗಳಾದ ಮೇಲೂ ಡಾಕ್ಟ್ರು ಅದನ್ನ ಎತ್ತಬಹುದು. ನನ್ನ ತಂಗಿ ಈಗಲೂ ಕಣ್ಣು ಉಜ್ಜಲ್ಲ. ನೀವೂ ಉಜ್ಜಬೇಡಿ, ಮುಚ್ಚಳ ಇಲ್ಲದಿದ್ರೂ ನಮ್ಮ ಕಾರ್ನಿಯಾ ಈಗ ಮೊದಲಿಗಿಂತ ತೆಳು.

ಬಿಸಿಲಿಗೆ ಹೋಗುವಾಗ ಯುವಿ ತಡೆಯೋ ಕನ್ನಡಕ ಬಿಡಬೇಡಿ, ಮೊದಲ ಕೆಲವು ತಿಂಗಳಲ್ಲಿ ಒಳಗಿನ ಜೀವಕೋಶಗಳು ಕಲೆ ಕಟ್ಟೋಕೆ ಹೊರಟಿರ್ತವೆ, ಬಿಸಿಲು ಅದನ್ನ ಹೆಚ್ಚಿಸತ್ತೆ, ಹೇಜ್ ಅಂತಾರೆ, ಹಾಲು ಬೆರೆಸಿದ ನೀರಿನ ಥರ ಕಾಣತ್ತೆ.

ಇನ್ನು ಡ್ರಾಪ್ಸ್ ವಿಷಯ, ಇದನ್ನ ಹೇಳೋಕೇ ನಿಜವಾಗಿ ಬರೆಯೋಕೆ ಕೂತಿದ್ದು. ಹೇಜ್ ಬರದಿರಲಿ ಅಂತ ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟು ನಿಧಾನಕ್ಕೆ ಇಳಿಸ್ತಾರೆ. ನಾನು ಆ ಬಾಟಲಿ ಮುಗಿದ ಮೇಲೂ, ಹಾಕಿದಾಗ ಹಾಯಾಗತ್ತಲ್ಲ ಅಂತ ಮನೆ ಹತ್ರದ ಮೆಡಿಕಲ್ ಶಾಪಲ್ಲಿ ಖಾಲಿ ಬಾಟಲಿ ತೋರಿಸಿ ಇನ್ನೊಂದು ತಗೊಂಡೆ, ಚೀಟಿ ಯಾರೂ ಕೇಳಲಿಲ್ಲ. ಚೆಕಪ್‌ಗೆ ಹೋದಾಗ ಕಣ್ಣಿನ ಪ್ರೆಷರ್ 28 ಬಂತು, ಸಾಮಾನ್ಯವಾಗಿ 21ರ ಒಳಗಿರಬೇಕು. ನೋವಿಲ್ಲ, ಕೆಂಪಿಲ್ಲ, ಒಂಚೂರೂ ಗೊತ್ತಾಗಿರಲಿಲ್ಲ. ಹಾಗೇ ಬಿಟ್ಟಿದ್ರೆ ಕಣ್ಣಿಂದ ಮಿದುಳಿಗೆ ಹೋಗೋ ನರಕ್ಕೇ ಪೆಟ್ಟು, ಹೋದ ದೃಷ್ಟಿ ವಾಪಸ್ ಬರಲ್ಲ. ಡ್ರಾಪ್ಸ್ ಬದಲಾಯಿಸಿದ ಮೇಲೆ ಇಳೀತು. ಅದಕ್ಕೇ ನಿಮ್ಮಷ್ಟಕ್ಕೆ ನೀವು ನಿಲ್ಲಿಸಲೂ ಬೇಡಿ, ಮುಂದುವರಿಸಲೂ ಬೇಡಿ. ಇದ್ದಕ್ಕಿದ್ದ ಹಾಗೆ ನೋವು ಬಂದು ಕಣ್ಣು ಕೆಂಪಾಗಿ ಪಿಸುರು ಸುರಿದ್ರೆ ಅವತ್ತೇ ಹೋಗಿ. ಅದೇನೂ ಇಲ್ಲದಿದ್ರೂ ಒಂದು ತಿಂಗಳ ಚೆಕಪ್ ತಪ್ಪಿಸಬೇಡಿ, ಪ್ರೆಷರ್ ನೋಡಿದ್ರಾ ಅಂತ ಬಾಯಿಬಿಟ್ಟು ಕೇಳಿ.