ಬೆಳಗಿನ ಮಿಸ್‌ಫೈರ್: ಕೂಲೆಂಟ್ ಕಡೆಗೆ ಮೊದಲು ನೋಡಿ

ರಾತ್ರಿಯಿಡೀ ನಿಂತ ಪೆಟ್ರೋಲ್ ಕಾರು ಬೆಳಿಗ್ಗೆ ಮೊದಲ ಎರಡು ನಿಮಿಷ ನಡುಗುತ್ತದೆ, ದೋಷ ಓದುವ ಸ್ಕ್ಯಾನರ್ ಪಿ0302 ಎಂಬ ಕೋಡ್ ತೋರಿಸುತ್ತದೆ, ಕಿಡಿ ಹೊತ್ತಿಸುವ ಪ್ಲಗ್ ಮತ್ತು ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್ ಬದಲಿಸಿದರೂ ತೊಂದರೆ ಹೋಗಿಲ್ಲ ಎಂದು ಬರೆದಿದ್ದೀರಿ. ಆ ಕೋಡ್ ಎರಡನೇ ಸಿಲಿಂಡರಿನಲ್ಲಿ ದಹನ ತಪ್ಪುತ್ತಿದೆ (ಮಿಸ್‌ಫೈರ್) ಎಂದಷ್ಟೇ ಹೇಳುತ್ತದೆ, ಕಾರಣವನ್ನಲ್ಲ. ಆದ್ದರಿಂದ ಮತ್ತೊಂದು ಬಿಡಿಭಾಗ ಕೊಳ್ಳುವ ಮೊದಲು ದಯವಿಟ್ಟು ತಡೆಯಿರಿ.

ನನಗೆ ಮುಖ್ಯವೆನಿಸಿದ್ದು ನೀವು ಕೊನೆಯಲ್ಲಿ ಹೇಳಿದ ಮಾತು: ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ನಿಧಾನವಾಗಿ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಸಿಲಿಂಡರ್ ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಸೂಕ್ಷ್ಮವಾಗಿ ಸೋರುತ್ತಿದ್ದರೆ, ಎಂಜಿನ್ ನಿಲ್ಲಿಸಿದ ಮೇಲೂ ಕೂಲಿಂಗ್ ವ್ಯವಸ್ಥೆಯಲ್ಲಿ ಉಳಿಯುವ ಒತ್ತಡವು ಕೂಲೆಂಟನ್ನು ಸ್ವಲ್ಪಸ್ವಲ್ಪವಾಗಿ ಸಿಲಿಂಡರಿನೊಳಗೆ ತಳ್ಳುತ್ತದೆ. ಬೆಳಿಗ್ಗೆ ಪ್ಲಗ್ ಒದ್ದೆಯಾಗಿ ಕಿಡಿ ಸೋಲುತ್ತದೆ, ದ್ರವ ಆವಿಯಾದೊಡನೆ ಎಲ್ಲವೂ ಸರಿಹೋಗುತ್ತದೆ.

ಪರೀಕ್ಷೆ ಕಷ್ಟವಲ್ಲ. ಎಂಜಿನ್ ಪೂರ್ಣ ತಣ್ಣಗಾದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆದು (ಬಿಸಿಯಿರುವಾಗ ಖಂಡಿತ ಬೇಡ), ಅಲ್ಲಿ ಒತ್ತಡ ಕೊಡುವ ಪ್ರೆಶರ್ ಟೆಸ್ಟರ್ ಕೂಡಿಸಿ, ಮುಚ್ಚಳದ ಮೇಲೆ ನಮೂದಿಸಿದ ಒತ್ತಡ ಮೀರದಂತೆ ಪಂಪ್ ಮಾಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಎರಡನೇ ಪ್ಲಗ್ ಬಿಚ್ಚಿ ನೋಡಿ. ಅದರ ತುದಿಯಲ್ಲಿ ಸಿಹಿವಾಸನೆಯ ತೇವವಿದ್ದು, ಬೋರೋಸ್ಕೋಪಿನಲ್ಲಿ (ಒಳಗೆ ಇಳಿಸಿ ನೋಡುವ ಸಣ್ಣ ಕ್ಯಾಮೆರಾ) ಆ ಪಿಸ್ಟನ್ನಿನ ತಲೆ ಮಾತ್ರ ತೊಳೆದಂತೆ ಹೊಳೆಯುತ್ತಿದ್ದರೆ ಅನುಮಾನ ಬಹುತೇಕ ದೃಢವಾದಂತೆ.

ತೇವವು ಪೆಟ್ರೋಲ್ ವಾಸನೆ ಬೀರಿದರೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿರಬಹುದು. ಪ್ಲಗ್ ಒಣಗಿದ್ದರೆ ಗಾಳಿ ಒಳಬರುವ ದಾರಿಯ ಇನ್‌ಟೇಕ್ ಗ್ಯಾಸ್ಕೆಟ್ಟಿನ ಗಾಳಿ ಸೋರಿಕೆಯನ್ನೂ, ಎಂಜಿನ್ ತಣ್ಣಗಿರುವಾಗಲೇ ಕಂಪ್ರೆಷನ್ನನ್ನೂ (ಸಿಲಿಂಡರಿನೊಳಗಿನ ಒತ್ತಡ) ಪರೀಕ್ಷಿಸಿ. ಬಿಸಿ ಎಂಜಿನ್ನಿನಲ್ಲಿ ಅಳೆದರೆ ದೋಷ ಅಡಗಿಕೊಳ್ಳಬಹುದು. ಚೆಕ್ ಎಂಜಿನ್ ದೀಪ ಮಿನುಗುತ್ತಿರುವಾಗ ಗಾಡಿಯನ್ನು ಓಡಿಸಬೇಡಿ, ಉರಿಯದ ಇಂಧನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕಬಹುದು.